ವಿಷಾದವನ್ನು ಹೊಸಿಲಾಚೆ ಇಟ್ಟ ತಾಯಿ: ಸೂಲಗಿತ್ತಿ ನರಸಮ್ಮ

ಕನ್ನಡ ನಾಡು ತನ್ನ ಸ್ಮರಣೆಯನ್ನು ಕಲ್ಲಿನಲ್ಲಿ ಕಾಪಾಡಿಕೊಂಡ ನಾಡು. ತುರುಗಾಳಗದಲ್ಲಿ ಮಡಿದವನಿಗೆ ವೀರಗಲ್ಲು, ಗಂಡನ ಚಿತೆಯೇರಿದವಳಿಗೆ ಮಾಸ್ತಿಗಲ್ಲು, ಸಲ್ಲೇಖನದಿಂದ ದೇಹವಿಟ್ಟವರಿಗೆ ನಿಸಿದಿಗಲ್ಲು. ಸಾವಿನ ಬಗೆಬಗೆಗೆ ಬಗೆಬಗೆಯ ಕಲ್ಲುಗಳಿವೆ. ವೀರಗಲ್ಲಿನ ನಡುವಣ ಫಲಕದಲ್ಲಿ ದೇವಾಂಗನೆಯರು ಸತ್ತ ವೀರನನ್ನು ಎರಡೂ ಕಡೆಯಿಂದ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಈ ಲೋಕದಿಂದ ಕರೆದೊಯ್ಯುವವರಿಗೆ ಶಿಲ್ಪಿಯ ಉಳಿ ಉದಾರವಾಗಿ ಜಾಗ ಕೊಟ್ಟಿತು. ಈ ಲೋಕಕ್ಕೆ ಕರೆತರುವವರಿಗೆ ಅಂಥ ಫಲಕ ದೊರೆಯಲಿಲ್ಲ. ನಡುರಾತ್ರಿಯ ಎಣ್ಣೆದೀಪದ ಬೆಳಕಿನಲ್ಲಿ, ಮುಚ್ಚಿದ ಬಾಗಿಲ ಹಿಂದೆ, ಎರಡು ಜೀವಗಳನ್ನು ಬೇರ್ಪಡಿಸಿ ಎರಡನ್ನೂ ಉಳಿಸಿದ ಹೆಂಗಸರ ಹೆಸರು ಶಾಸನಗಳ ದೃಷ್ಟಿಗೆ ಬೀಳಲೇ ಇಲ್ಲ.

ಅಂಥವರಲ್ಲಿ ಒಬ್ಬರ ಹೆಸರು ಮಾತ್ರ ನಮ್ಮ ಕಾಲದಲ್ಲಿ ರಾಷ್ಟ್ರದ ಪ್ರಶಸ್ತಿಪಟ್ಟಿಯವರೆಗೆ ನಡೆದುಹೋಯಿತು. 2018ರ ಡಿಸೆಂಬರ್ 25ರಂದು, 98ನೆಯ ವಯಸ್ಸಿನಲ್ಲಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಕೊನೆಯುಸಿರೆಳೆದ ನರಸಮ್ಮನವರು ಅಕ್ಷರ ಕಲಿತವರಲ್ಲ; ಬರೆಹದ ಒಂದು ಸಾಲನ್ನೂ ಬಿಟ್ಟುಹೋದವರಲ್ಲ. ಆದರೆ ಅವರ ಹೆಸರಿನ ಮುಂದೆ ಊರಿನ ಹೆಸರಾಗಲಿ ಮನೆತನದ ಹೆಸರಾಗಲಿ ನಿಲ್ಲದೆ ಕಾಯಕದ ಹೆಸರೇ ನಿಂತಿತು. ಸೂಲಗಿತ್ತಿ ನರಸಮ್ಮ. ಈ ಒಂದು ಪದಕ್ಕೆ ಸಂದ ಗೌರವದ ಹಿಂದೆ ಎಪ್ಪತ್ತು ವರ್ಷಗಳ ದುಡಿಮೆಯಿದೆ, ಹನ್ನೆರಡು ಹೆರಿಗೆಗಳ ಸ್ವಂತ ಅನುಭವವಿದೆ, ತೀರದ ನಾಲ್ಕು ದುಃಖಗಳೂ ಇವೆ.

ಮೊದಲು ಪದವನ್ನೇ ನೋಡಬೇಕು. ಇಂದು ಆಸ್ಪತ್ರೆಗಳಲ್ಲಿ ಶುಶ್ರೂಷೆ ಮಾಡುವವರನ್ನು ಕನ್ನಡ ‘ದಾದಿ’ ಎನ್ನುತ್ತದೆ. ಇದು ಸಂಸ್ಕೃತದ ‘ಧಾತ್ರೀ’ ಶಬ್ದದ ತದ್ಭವ. ಹಾಲೂಡಿ ಸಾಕುವವಳು ಎಂಬುದು ಅದರ ಮೂಲದ ಅರ್ಥ. ‘ಸೂಲಗಿತ್ತಿ’ ಹಾಗಲ್ಲ, ಅದು ಅಚ್ಚ ದ್ರಾವಿಡ ನುಡಿ. ‘ಸೂಲ್’ ಎಂದರೆ ಹೆರಿಗೆ, ಬಸಿರು. ತಮಿಳು ಮಲಯಾಳಗಳಲ್ಲಿಯೂ ಈ ಧಾತು ಬಸಿರಿನ ಅರ್ಥದಲ್ಲಿಯೇ ಇದೆ. ತೆಲುಗಿನಲ್ಲಿ ಅದು ‘ಚೂಲು’, ಬಸುರಿ ‘ಚೂಲಾಲು’. ಅಗಸಗಿತ್ತಿ, ಹೂವಾಡಗಿತ್ತಿ ಎಂಬ ರೂಪಗಳಲ್ಲಿ ಕಾಣುವ ‘ಗಿತ್ತಿ’ ಪ್ರತ್ಯಯವು ಕಸುಬಿನ ಹೆಣ್ಣನ್ನು ಹೇಳುತ್ತದೆ. ನರಸಮ್ಮನವರ ಮನೆಮಾತು ತೆಲುಗು. ಅವರನ್ನು ನಾಡು ಗುರುತಿಸಿದ್ದು ಕನ್ನಡದ ಪದದಿಂದ. ಎರಡು ನುಡಿಗಳೂ ಒಂದೇ ಬೇರಿನಿಂದ ಪಡೆದ ಮಾತೊಂದು ಅವರ ಹೆಸರಾಗಿ ಉಳಿದದ್ದು ಭಾಷಾವಿದ್ಯಾರ್ಥಿಗಳು ನೆನಪಿಡಬೇಕಾದ ಸಂಗತಿ.

ಅವರು ಹುಟ್ಟಿದ ನೆಲವೂ ಎರಡು ನುಡಿಗಳ ನೆಲವೇ. 1920ರಲ್ಲಿ ಅವರ ಜನನ, ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ. ಭೂಪಟದಲ್ಲಿ ಪಾವಗಡವನ್ನು ಹುಡುಕಿದವರಿಗೆ ಅದರ ವಿಚಿತ್ರ ಸ್ಥಿತಿ ಕೂಡಲೇ ಕಣ್ಣಿಗೆ ಬೀಳುತ್ತದೆ. ಮೂರು ಕಡೆಗೂ ಮಿಗಿಲಾಗಿ ಆಂಧ್ರದ ಸೀಮೆ ಸುತ್ತುವರಿದಿದೆ. ತನ್ನದೇ ಜಿಲ್ಲೆಯಿಂದ ಬೇರ್ಪಟ್ಟು ದೂರ ನಿಂತ ತುಂಡುನೆಲವದು. ಉತ್ತರ ಪಿನಾಕಿನಿ ಹೆಸರಿಗೆ ಹರಿಯುವ ನದಿ, ಮಳೆಯ ನೆರಳಿನಲ್ಲಿ ಬಿದ್ದ ಕೆಮ್ಮಣ್ಣು, ಬೋಳುಗುಡ್ಡಗಳು, ಕಡಲೆಕಾಯಿ ಬೆಳೆ, ಪದೇ ಪದೇ ಬರುವ ಬರಗಾಲ. ಇಲ್ಲಿಂದ ಬೆಂಗಳೂರು ಸುಮಾರು 150 ಕಿಲೋಮೀಟರು, ಜಿಲ್ಲಾಕೇಂದ್ರವಾದ ತುಮಕೂರು ಸುಮಾರು 100 ಕಿಲೋಮೀಟರು. ಮೈಸೂರು ಸಂಸ್ಥಾನದ ಹೆಮ್ಮೆಯಾದ ವಾಣಿವಿಲಾಸ ಆಸ್ಪತ್ರೆ ಬೆಂಗಳೂರಿನಲ್ಲಿ ತೆರೆದುಕೊಂಡದ್ದು 1935ರಲ್ಲಿ. ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ಆ ಭವ್ಯ ಕಟ್ಟಡ ಕೃಷ್ಣಾಪುರದ ಬಸುರಿಗೆ ಬೇರೊಂದು ಲೋಕದ ಸುದ್ದಿ. ಬೇನೆ ತಗುಲಿದ ಹೆಣ್ಣನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ಹೊರಟರೆ, ದಾರಿಯಲ್ಲಿಯೇ ಹಗಲು ರಾತ್ರಿಗಳು ಕಳೆಯುವಷ್ಟು ದೂರ.

ನರಸಮ್ಮನವರ ಮದುವೆಯಾದಾಗ ಅವರಿಗೆ 12 ವರ್ಷ. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆ ಹೆಣ್ಣಿನ ಮದುವೆಗೆ 14 ವರ್ಷದ ಮಿತಿಯನ್ನು ವಿಧಿಸಿತ್ತು. ಮೈಸೂರು ಸಂಸ್ಥಾನದಲ್ಲಿ ಇದ್ದದ್ದು 1894ರ ಶಿಶುವಿವಾಹ ನಿಷೇಧದ ನಿಬಂಧನೆ. 8 ವರ್ಷ ತುಂಬದ ಹೆಣ್ಣುಮಗುವಿನ ಮದುವೆಯನ್ನು ಅದು ತಡೆಯುತ್ತಿತ್ತು. ತನ್ನ ಕಾಲಕ್ಕೆ ಅದು ಮುಂದುವರಿದ ಹೆಜ್ಜೆಯೇ ಆಗಿತ್ತು. ಆದರೆ ಹನ್ನೆರಡರ ಹುಡುಗಿಯೊಬ್ಬಳು ಹಸೆಮಣೆ ಏರುವುದನ್ನು ಆಗ ಕಾನೂನಾಗಲಿ ಊರಾಗಲಿ ಅಸಹಜವೆಂದು ಎಣಿಸುತ್ತಿರಲಿಲ್ಲ. ಗಂಡನ ಮನೆಯಲ್ಲಿ ಹೊಲದ ಕೂಲಿ, ಒಲೆಯ ಕೆಲಸ, ಮತ್ತೆ ಒಂದರ ಹಿಂದೊಂದು ಬಸಿರು. ಒಟ್ಟು ಹನ್ನೆರಡು ಮಕ್ಕಳನ್ನು ಅವರು ಹೆತ್ತರು. ನಾಲ್ಕು ಮಕ್ಕಳು ಎಳವೆಯಲ್ಲಿಯೇ ತೀರಿಕೊಂಡರು.

ಆ ಹನ್ನೆರಡರಲ್ಲಿ ಐದು ಹೆರಿಗೆಗಳನ್ನು ಮಾಡಿಸಿದವರು ಅವರ ಅಜ್ಜಿ ಮರಿಗಮ್ಮ. ಮರಿಗಮ್ಮನವರು ಆ ಸೀಮೆಯ ಅನುಭವಸ್ಥ ಸೂಲಗಿತ್ತಿ. ನರಸಮ್ಮನವರ ವಿದ್ಯಾಭ್ಯಾಸ ಆದದ್ದು ಇಲ್ಲಿಯೇ. ಗುರುವಿನ ಕೈ ತನ್ನದೇ ಒಡಲಿನ ಮೇಲೆ ಆಡುತ್ತಿರುವಾಗ ಶಿಷ್ಯೆ ಪಾಠ ಕಲಿತ ವಿಚಿತ್ರ ಗುರುಕುಲವದು. ಬೇನೆ ಯಾವಾಗ ನಿಜವಾದದ್ದು, ಯಾವಾಗ ಸುಳ್ಳುಬೇನೆ; ಯಾವ ಕ್ಷಣದಲ್ಲಿ ಮುಕ್ಕಬೇಕು, ಯಾವ ಕ್ಷಣದಲ್ಲಿ ಉಸಿರು ಬಿಟ್ಟು ಸುಮ್ಮನಿರಬೇಕು; ಮಾಸು ಬೀಳುವವರೆಗೆ ಅವಸರಪಡದೆ ಕಾಯುವುದು ಹೇಗೆ. ಇವುಗಳನ್ನು ಹೊರಗಿನಿಂದ ನೋಡಿ ತಿಳಿಯುವುದು ಒಂದು ಬಗೆ, ಒಳಗಿನಿಂದ ಅನುಭವಿಸಿ ತಿಳಿಯುವುದು ಇನ್ನೊಂದು ಬಗೆ. ಅವರಿಗೆ ಎರಡೂ ಒಟ್ಟಿಗೆ ದೊರೆತವು.

ಪಾವಗಡದ ಸೀಮೆಗೆ ಬಂದು ಬಿಡಾರ ಹೂಡುತ್ತಿದ್ದ ಅಲೆಮಾರಿ ಜನರಿಂದ ಅವರು ಗಿಡಮೂಲಿಕೆಗಳ ತಿಳಿವಳಿಕೆಯನ್ನು ಪಡೆದರು. ಬಸುರಿಗೆ ಯಾವುದನ್ನು ಅರೆದು ಕುಡಿಸಬೇಕು, ಬಾಣಂತಿಯ ಮೈ ಗಟ್ಟಿಯಾಗಲು ಯಾವ ಸೊಪ್ಪು, ಯಾವ ಬೇರು ಎಂಬುದನ್ನು ಬಿಡಾರದ ಹೆಂಗಸರು ಬಲ್ಲವರಾಗಿದ್ದರು. ಅಜ್ಜಿಯ ಕೈವಿದ್ಯೆ, ಅಲೆಮಾರಿಗಳ ಸೊಪ್ಪಿನ ವಿದ್ಯೆ, ಸ್ವಂತ ಒಡಲಿನ ಅನುಭವ ಈ ಮೂರೂ ಕೂಡಿಕೊಂಡು 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಅವರು ಮೊದಲ ಹೆರಿಗೆಯನ್ನು ಮಾಡಿಸಿದರು. ಹೆತ್ತವರು ಬಂಧುವರ್ಗದ ಹೆಣ್ಣುಮಗಳೇ. ಅಂದು ಹೊಸಿಲು ದಾಟಿ ಒಳಗೆ ಹೋದ ಕೈ ಮುಂದೆ ಸುಮಾರು ಏಳು ದಶಕಗಳ ಕಾಲ ಬಿಡುವು ಕಾಣಲಿಲ್ಲ.

ಈ ವಿದ್ಯೆಯ ಬಗ್ಗೆ ನಮ್ಮ ಪ್ರಾಚೀನ ಗ್ರಂಥಗಳು ಮೌನವಾಗಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಸೂತಿಕಾಗೃಹದ ವರ್ಣನೆಯಿದೆ. ಪ್ರಸವಕಾಲದಲ್ಲಿ ನಾಲ್ವರು ಹೆಂಗಸರು ಪರಿಚರ್ಯೆಗೆ ಇರಬೇಕು. ಅವರು ನಂಬಿಕೆಗೆ ಅರ್ಹರೂ, ವಯಸ್ಸಿನಲ್ಲಿ ಪಕ್ವರೂ, ಹೆರಿಗೆಯಲ್ಲಿ ನಿಪುಣರೂ ಆಗಿದ್ದು ಉಗುರುಗಳನ್ನು ಕತ್ತರಿಸಿಕೊಂಡಿರಬೇಕು ಎಂದು ಅದು ವಿಧಿಸುತ್ತದೆ. ಉಗುರು ಕತ್ತರಿಸಬೇಕೆಂಬ ಈ ಪುಟ್ಟ ಮಾತು ಸಾವಿರಾರು ಬಾಣಂತಿಯರ ಪ್ರಾಣಕ್ಕೆ ಸಂಬಂಧಪಟ್ಟದ್ದು. ಯುರೋಪಿನಲ್ಲಿ ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್, ಹೆರಿಗೆ ಮಾಡಿಸುವವರ ಕೈಗಳೇ ಬಾಣಂತಿಜ್ವರವನ್ನು ಹರಡುತ್ತಿವೆ ಎಂದು ಕಂಡುಕೊಂಡು, ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವ ನಿಯಮವನ್ನು ತಂದದ್ದು 1847ರಲ್ಲಿ. ಆತನ ಸಹೋದ್ಯೋಗಿಗಳು ಅದನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು.

ಚರಕಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪರಿಚಾರಿಕೆಯರ ಗುಣಗಳನ್ನು ಎಣಿಸುತ್ತದೆ. ಅವರು ಹಲವು ಬಾರಿ ಹೆತ್ತವರಾಗಿರಬೇಕು, ಸ್ನೇಹಶೀಲರಾಗಿರಬೇಕು, ಸಮಯಕ್ಕೆ ತಕ್ಕ ಬುದ್ಧಿಯುಳ್ಳವರಾಗಿರಬೇಕು, ಸ್ವಭಾವದಿಂದಲೇ ವಾತ್ಸಲ್ಯವುಳ್ಳವರಾಗಿರಬೇಕು, ಕ್ಲೇಶವನ್ನು ಸಹಿಸಬಲ್ಲವರಾಗಿರಬೇಕು, ವಿಷಾದವನ್ನು ತೊರೆದವರಾಗಿರಬೇಕು. ಗ್ರೀಸ್ ದೇಶದ ಪ್ಲೇಟೋ ತನ್ನ ‘ಥಿಯೆಟೀಟಸ್’ ಸಂವಾದದಲ್ಲಿ ಇದಕ್ಕೆ ಹತ್ತಿರದ ಮಾತನ್ನು ಹೇಳಿಸುತ್ತಾನೆ. ಅಲ್ಲಿ ಸಾಕ್ರೆಟೀಸನು ತನ್ನ ತಾಯಿ ಫಿನಾರಿಟೆ ಸೂಲಗಿತ್ತಿಯಾಗಿದ್ದಳೆಂದು ನೆನೆಯುತ್ತಾನೆ. ಅನ್ಯರ ಮನಸ್ಸಿನೊಳಗಿನ ಅರಿವನ್ನು ಹೊರತರುವ ತನ್ನ ಕೆಲಸವೂ ತಾಯಿಯ ಕಸುಬಿನದೇ ಇನ್ನೊಂದು ರೂಪವೆನ್ನುತ್ತಾನೆ. ತಾನೇ ಹೆತ್ತು, ಹೆರುವ ವಯಸ್ಸನ್ನು ದಾಟಿದ ಹೆಂಗಸಿಗೆ ಈ ಕೆಲಸ ಒಪ್ಪಿತವೆಂದೂ, ಅನುಭವಿಸದೇ ಇರುವುದರಲ್ಲಿ ಮನುಷ್ಯರಿಗೆ ನೈಪುಣ್ಯ ಬರಲಾರದೆಂದೂ ಅಲ್ಲಿನ ವಿಚಾರ. ದೇಶಕಾಲಗಳಲ್ಲಿ ಇಷ್ಟು ದೂರವಿರುವ ಎರಡು ಪರಂಪರೆಗಳು ಒಂದೇ ಮಾತನ್ನು ಒಪ್ಪುತ್ತವೆ: ತಾಯ್ತನ ಈ ವಿದ್ಯೆಯ ಮೊದಲ ಅರ್ಹತೆ.

ನರಸಮ್ಮನವರು ಚರಕನನ್ನು ಓದಿದವರಲ್ಲ, ಪ್ಲೇಟೋವಿನ ಹೆಸರು ಕೇಳಿದವರಲ್ಲ. ಆದರೆ ಆ ಪಟ್ಟಿಯನ್ನು ಹಿಡಿದು ಅವರ ಬದುಕನ್ನು ನೋಡಿದರೆ ಒಂದೊಂದು ಗುಣಕ್ಕೂ ಸಾಕ್ಷ್ಯ ಸಿಗುತ್ತದೆ. ಗ್ರೀಸಿನ ಸೂಲಗಿತ್ತಿ ಹೆರುವ ವಯಸ್ಸು ಮುಗಿದ ಮೇಲೆ ಕೆಲಸಕ್ಕೆ ಇಳಿದವಳು. ಇವರು ತಾವು ಹೆರುತ್ತಿದ್ದ ವರ್ಷಗಳಲ್ಲಿಯೇ ಅನ್ಯರ ಹೆರಿಗೆಗಳನ್ನೂ ಮಾಡಿಸಿದವರು. ಗರ್ಭದಲ್ಲಿನ ಕೂಸಿನ ನಾಡಿಬಡಿತವನ್ನೂ ತಲೆಯ ನಿಲುವನ್ನೂ ಯಾವ ಉಪಕರಣವೂ ಇಲ್ಲದೆ ಕೈಯಿಂದಲೇ ತಿಳಿಯುತ್ತಿದ್ದರೆಂಬುದು ಅವರ ಬಗ್ಗೆ ಮತ್ತೆ ಮತ್ತೆ ಕೇಳಿಬರುವ ಮಾತು. ಇದನ್ನು ಪವಾಡವೆಂದು ಬಗೆಯಬೇಕಾಗಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ, ಬೆನ್ನು, ಪೃಷ್ಠಗಳನ್ನು ಗುರುತಿಸುವ ನಾಲ್ಕು ಹಿಡಿತಗಳನ್ನು ಜರ್ಮನಿಯ ವೈದ್ಯ ಲಿಯೋಪೋಲ್ಡನ ಹೆಸರಿನಲ್ಲಿ ವೈದ್ಯವಿದ್ಯಾರ್ಥಿಗಳು ಇಂದಿಗೂ ಕಲಿಯುತ್ತಾರೆ. ಪುಸ್ತಕದಲ್ಲಿ ಒಬ್ಬನ ಹೆಸರಿನಿಂದ ನಿಂತ ವಿದ್ಯೆ ಹಳ್ಳಿಯಲ್ಲಿ ಹೆಸರಿಲ್ಲದೆ ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಸಾಗಿತು, ಅಷ್ಟೆ.

ಅವರು ಮಾಡಿಸಿದ ಹೆರಿಗೆಗಳ ಸಂಖ್ಯೆ 15,000ಕ್ಕೂ ಹೆಚ್ಚು ಎಂದು ಲೆಕ್ಕ. ಎಪ್ಪತ್ತು ವರ್ಷಗಳ ಮೇಲೆ ಈ ಸಂಖ್ಯೆಯನ್ನು ಹರಡಿ ನೋಡಿದರೆ ವರ್ಷಕ್ಕೆ ಇನ್ನೂರಕ್ಕೂ ಮಿಗಿಲು, ವಾರಕ್ಕೆ ನಾಲ್ಕು. ಕೂಸು ಹೊತ್ತು ನೋಡಿ ಬರುವುದಿಲ್ಲ. ಹೊಲದಲ್ಲಿ ಕಳೆ ಕೀಳುತ್ತಿರುವಾಗ ಕರೆ ಬರಬಹುದು, ಒಲೆಯ ಮೇಲೆ ಮುದ್ದೆಗೆ ಎಸರಿಟ್ಟಾಗ ಬರಬಹುದು, ತನ್ನದೇ ಮಗು ಜ್ವರದಿಂದ ನರಳುತ್ತಿರುವಾಗಲೂ ಬರಬಹುದು. ಚೊಚ್ಚಲು ಹೆರಿಗೆಯಾದರೆ ಒಂದು ಹಗಲು ಒಂದು ರಾತ್ರಿ ಕೂತಿರಬೇಕಾದೀತು. ಸೂಲಗಿತ್ತಿಯ ಕೆಲಸ ಕೂಸು ಅತ್ತ ಗಳಿಗೆಗೆ ಮುಗಿಯುವುದೂ ಇಲ್ಲ. ಹೊಕ್ಕುಳಬಳ್ಳಿ ಕತ್ತರಿಸಬೇಕು, ಮಾಸನ್ನು ಹೂಳಿಸಬೇಕು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎರೆಯಬೇಕು, ಬಾಣಂತಿಗೆ ಎಣ್ಣೆನೀರು ಹಾಕಬೇಕು, ಸಾಂಬ್ರಾಣಿ ಹೊಗೆ ಕೊಡಬೇಕು, ಹಾಲು ಇಳಿಯದಿದ್ದರೆ ಉಪಾಯ ಹೇಳಬೇಕು, ಹೆದರಿದ ಎಳೆಯ ತಾಯಿಗೆ ಧೈರ್ಯ ತುಂಬಬೇಕು. ಸೂಲಗಿತ್ತಿಯಾಗಿ ಒಳಹೋದವಳು ದಾದಿಯಾಗಿ ಉಳಿಯುತ್ತಿದ್ದಳು. ಹೊರಬರುವ ಹೊತ್ತಿಗೆ ಆ ಮನೆಗೆ ಇನ್ನೊಬ್ಬ ತಾಯಿಯೇ ಆಗಿರುತ್ತಿದ್ದಳು.

ಇಷ್ಟೆಲ್ಲವನ್ನೂ ನರಸಮ್ಮನವರು ಸಂಭಾವನೆಯನ್ನು ಬಯಸದೆ ಮಾಡಿದರು. ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಗೆ ಮೊರದಲ್ಲಿ ಧಾನ್ಯ, ಎಲೆ ಅಡಿಕೆ, ಕುಪ್ಪಸದ ಕಣ ಇಟ್ಟು ಕೊಡುವ ರೂಢಿ ಹಳೆಯದು. ಅದು ಕೂಲಿಯಲ್ಲ, ಮರ್ಯಾದೆ. ಆದರೆ ಈ ಮರ್ಯಾದೆಯ ಜೊತೆಗೆ ಇನ್ನೊಂದು ರೂಢಿಯೂ ಇತ್ತು ಎಂಬುದನ್ನು ಮರೆಮಾಚಬಾರದು. ಹೆರಿಗೆಯ ಮನೆಗೆ ಪುರುಡು. ಆ ಮೈಲಿಗೆಯನ್ನು ಕೈಯಾರೆ ಮುಟ್ಟುವ ಕೆಲಸವನ್ನು ಎಷ್ಟೋ ಕಡೆ ಸಮಾಜದ ಕೆಳಮೆಟ್ಟಿಲ ಹೆಂಗಸರಿಗೆ ಬಿಡಲಾಗಿತ್ತು. ಬೇನೆಯ ರಾತ್ರಿಯಲ್ಲಿ ಒಳಕೋಣೆಯವರೆಗೆ ಕರೆಯಲ್ಪಟ್ಟವಳು ಪುರುಡು ಕಳೆದ ಮೇಲೆ ಅದೇ ಮನೆಯ ಜಗಲಿಯ ಕೆಳಗೆ ನಿಲ್ಲಬೇಕಾಗುತ್ತಿತ್ತು. ಜೀವ ಕೊಡುವ ಕೈಯನ್ನು ಗೌರವಿಸಿಯೂ ದೂರವಿಟ್ಟ ನಮ್ಮ ಸಮಾಜದ ಈ ಇಬ್ಬಂದಿತನವನ್ನು ಅರಿಯದೆ, ಸೂಲಗಿತ್ತಿಯರ ಹೆಸರು ಯಾವ ಕಲ್ಲಿನಲ್ಲಿಯೂ ಏಕಿಲ್ಲವೆಂಬ ಪ್ರಶ್ನೆಗೆ ಉತ್ತರ ದೊರೆಯದು.

ಈಗ ಚರಕನ ಪಟ್ಟಿಯ ಇನ್ನೊಂದು ಗುಣಕ್ಕೆ ಬರಬೇಕು. ಹಲವು ಬಾರಿ ಹೆತ್ತವಳು, ವಾತ್ಸಲ್ಯವುಳ್ಳವಳು, ಕ್ಲೇಶ ಸಹಿಸುವವಳು ಎಂಬ ಮಾತುಗಳಲ್ಲಿ ತೊಡಕಿಲ್ಲ. ವಿಷಾದವನ್ನು ತೊರೆದವಳು ಎಂದರೇನು? ಹಲವು ಬಾರಿ ಹೆತ್ತವಳಿಗೆ ವಿಷಾದವನ್ನು ತೊರೆಯುವುದು ಹೇಗೆ ಸಾಧ್ಯ? ಆ ಕಾಲದ ಲೆಕ್ಕದಲ್ಲಿ ಹಲವು ಹೆರಿಗೆಗಳೆಂದರೆ ಒಂದೆರಡಾದರೂ ಪುಟ್ಟ ಗುಣಿಗಳು ಎಂದೇ ಅರ್ಥ. ಪಟ್ಟಿಯ ಮೊದಲ ಗುಣವೂ ಈ ಗುಣವೂ ಒಂದನ್ನೊಂದು ಎಳೆಯುತ್ತವೆ. ಗ್ರಂಥವನ್ನು ಮಾತ್ರ ಓದುವವನಿಗೆ ಇದು ಬಿಡಿಸಲಾಗದ ಗಂಟು.

ನರಸಮ್ಮನವರ ಬದುಕು ಈ ಗಂಟಿಗೆ ಒಂದು ಭಾಷ್ಯವನ್ನು ಕೊಡುತ್ತದೆ. ಹನ್ನೆರಡು ಮಕ್ಕಳಲ್ಲಿ ನಾಲ್ಕನ್ನು ಮಣ್ಣಿಗೆ ಕೊಟ್ಟ ತಾಯಿಗೆ ದುಃಖವಿರಲಿಲ್ಲವೆಂದು ಯಾರೂ ಹೇಳಲಾರರು. ಅನ್ಯರ ಕೂಸು ಮೊದಲ ಬಾರಿ ಅತ್ತಾಗ, ಆ ಅಳು ಕೇಳಲು ಉಸಿರು ಬಿಗಿಹಿಡಿದು ಕಾಯುವ ಗಳಿಗೆಯಲ್ಲಿ, ತನ್ನ ಮನೆಯಲ್ಲಿ ನಿಂತುಹೋದ ಅಳುಗಳ ನೆನಪು ಬಾರದಿರುತ್ತದೆಯೆ? ಆದರೂ ಆ ನೆನಪು ಕೈಯನ್ನು ನಡುಗಿಸಬಾರದು, ಮುಖದಲ್ಲಿ ಕಾಣಬಾರದು. ಬೇನೆಯಲ್ಲಿರುವ ಹೆಣ್ಣು ಕೋಣೆಯಲ್ಲಿ ನೋಡುವುದು ಒಂದೇ ಮುಖವನ್ನು. ಆ ಮುಖದಲ್ಲಿ ಭಯ ಕಂಡರೆ ಅವಳ ಧೈರ್ಯ ಕುಸಿಯುತ್ತದೆ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ನಾಡಮಾತಿನ ಅರ್ಥ ಆ ಕೋಣೆಯಲ್ಲಿರುವವರಿಗೆಲ್ಲ ಗೊತ್ತಿರುತ್ತದೆ. ಹಾಗಾಗಿ ವಿಷಾದವನ್ನು ತೊರೆದವಳು ಎಂದರೆ ವಿಷಾದವೇ ಇಲ್ಲದವಳಲ್ಲ, ಅದನ್ನು ಹೊಸಿಲಾಚೆ ಇಟ್ಟು ಒಳಬಂದವಳು. ಕೆಲಸ ಮುಗಿಸಿ ಹೊರಬಂದಾಗ ಅದು ಅಲ್ಲಿಯೇ ಕಾದಿರುತ್ತದೆ. ಎತ್ತಿಕೊಂಡು ಮನೆಗೆ ಹೋಗಬೇಕು. ವಾರಕ್ಕೆ ನಾಲ್ಕು ಬಾರಿಯಂತೆ ಎಪ್ಪತ್ತು ವರ್ಷ ಹೀಗೆ ಇಟ್ಟು, ಹೀಗೆ ಎತ್ತಿಕೊಂಡವರ ತಾಳ್ಮೆಯನ್ನು ಅಳೆಯುವ ಮಾನದಂಡ ಸಾಹಿತ್ಯದಲ್ಲಿಯೂ ಸುಲಭವಾಗಿ ಸಿಗದು.

ಇಂಥ ಬದುಕನ್ನು ಕೊಂಡಾಡುವಾಗ ಒಂದು ಎಚ್ಚರವೂ ಬೇಕು. ಸೂಲಗಿತ್ತಿಯರ ಕಾಲವನ್ನು ಸ್ವರ್ಣಯುಗವೆಂದು ಬಣ್ಣಿಸಿದರೆ ಆ ಕಾಲದಲ್ಲಿ ಸತ್ತ ತಾಯಂದಿರಿಗೆ ಅನ್ಯಾಯವಾಗುತ್ತದೆ. ಕುಡುಗೋಲಿನಿಂದಲೋ ತುಕ್ಕುಹಿಡಿದ ಬ್ಲೇಡಿನಿಂದಲೋ ಬಳ್ಳಿ ಕತ್ತರಿಸಿದ ಕಡೆ ಧನುರ್ವಾಯು ಎಷ್ಟೋ ಹಸುಳೆಗಳನ್ನು ಹತ್ತು ದಿನಗಳೊಳಗೆ ಒಯ್ದಿದೆ. ನೆತ್ತರು ಹರಿಯತೊಡಗಿದರೆ ನುರಿತ ಕೈಗೂ ಅದನ್ನು ನಿಲ್ಲಿಸುವ ದಾರಿ ಇರುತ್ತಿರಲಿಲ್ಲ. ಎಲ್ಲ ಊರಿಗೂ ಒಬ್ಬ ನರಸಮ್ಮ ಇರಲಿಲ್ಲ. ಇದನ್ನು ಅರಿತೇ 1946ರ ಭೋರ್ ಸಮಿತಿಯ ವರದಿ, ಸಾಕಷ್ಟು ಶಿಕ್ಷಿತ ಸಿಬ್ಬಂದಿ ಸಿದ್ಧರಾಗುವವರೆಗೆ ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಡಬೇಕೆಂದು ಸೂಚಿಸಿತು. ಶುಚಿಯಾದ ಕೈ, ಶುಚಿಯಾದ ಹಾಸು, ಶುಚಿಯಾದ ಬ್ಲೇಡು, ಶುಚಿಯಾದ ದಾರ, ಏನನ್ನೂ ಮೆತ್ತದ ಶುಚಿಯಾದ ಹೊಕ್ಕುಳು ಎಂಬ ಐದು ಶುಚಿಗಳ ಪಾಠ ಊರೂರಿಗೆ ಹೋಯಿತು. ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ ನಿರ್ಮೂಲಗೊಳಿಸಿದೆ ಎಂಬ ಘೋಷಣೆ ಬಂದದ್ದು 2015ರಲ್ಲಿ.

ಬದಲಾವಣೆಯ ವೇಗ ಹೆಚ್ಚಿದ್ದು 2005ರ ನಂತರ. ಆ ವರ್ಷ ಜನನಿ ಸುರಕ್ಷಾ ಯೋಜನೆ ಆರಂಭವಾಯಿತು, ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರು ಬಂದರು, ಕೆಲವೇ ವರ್ಷಗಳಲ್ಲಿ 108ರ ವಾಹನ ರಸ್ತೆಗಿಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2005–06ರ ಹೊತ್ತಿಗೆ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019–20ರ ಸುತ್ತಿನಲ್ಲಿ ಅದು 97ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಗಳಿಗೆ ರಾಜ್ಯದ ತಾಯಿ ಮರಣ 2001–03ರಲ್ಲಿ 228 ಇದ್ದದ್ದು 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಈ ಅಂಕಿಗಳನ್ನು ನರಸಮ್ಮನವರ ವಿರುದ್ಧದ ಸಾಕ್ಷ್ಯವೆಂದು ಓದಬೇಕಾಗಿಲ್ಲ. ಆಸ್ಪತ್ರೆ ಬಾರದ ಅರವತ್ತು ಎಪ್ಪತ್ತು ವರ್ಷ ಆ ನೆಲದ ಹೆಂಗಸರು ಹೆರುವುದನ್ನು ನಿಲ್ಲಿಸಿರಲಿಲ್ಲ. ಅಷ್ಟೂ ಕಾಲ ರಾಜ್ಯವು ಮಾಡಬೇಕಾಗಿದ್ದ ಕೆಲಸವನ್ನು ಒಬ್ಬ ಕೂಲಿಯ ಹೆಂಗಸು ತನ್ನ ಬರಿಗೈಯಲ್ಲಿ ಮಾಡಿದಳು ಎಂಬುದೇ ಅವು ಹೇಳುವ ನಿಜ.

ಗೌರವಗಳು ಬಂದವು, ತಡವಾಗಿ ಬಂದವು. ತೊಂಬತ್ತು ದಾಟಿದ ಮೇಲೆ 2012ರಲ್ಲಿ ದೇವರಾಜ ಅರಸು ಪ್ರಶಸ್ತಿ, 2013ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ ಮತ್ತು ರಾಜ್ಯೋತ್ಸವ ಪ್ರಶಸ್ತಿ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟನ್ನು ನೀಡಿತು. ಶಾಲೆಯ ಮೆಟ್ಟಿಲು ಹತ್ತದವರಿಗೆ ವಿಶ್ವವಿದ್ಯಾಲಯವೊಂದು ಪದವಿ ಕೊಟ್ಟಾಗ ಗೌರವ ಯಾರಿಂದ ಯಾರಿಗೆ ಸಂದಿತು ಎಂದು ಕೇಳಬಹುದು. ಅಕ್ಷರವೊಂದೇ ವಿದ್ಯೆಯಲ್ಲವೆಂದು ಅಕ್ಷರದ ಮನೆಯೇ ಒಪ್ಪಿಕೊಂಡ ದಿನವದು. 2018ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ ಅವರಿಂದ ಪದ್ಮಶ್ರೀ. ಅದೇ ವರ್ಷ ಪಾವಗಡದ ಹೆಸರು ಇನ್ನೊಂದು ಕಾರಣಕ್ಕೂ ದೇಶಕ್ಕೆ ಕೇಳಿಸಿತು: ತಾಲ್ಲೂಕಿನ ತಿರುಮಣಿಯ ಸುತ್ತ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಬರಡುನೆಲದಲ್ಲಿ ಬೃಹತ್ ಸೌರವಿದ್ಯುತ್ ಉದ್ಯಾನ ಉದ್ಘಾಟನೆಗೊಂಡಿತು. ಎಣ್ಣೆದೀಪದ ಬೆಳಕಿನಲ್ಲಿ ಕೂಸು ಹಿಡಿದ ತಾಯಿಯ ಸೀಮೆ ಅವರ ಕೊನೆಯ ವರ್ಷದಲ್ಲಿ ನಾಡಿಗೆಲ್ಲ ಬೆಳಕು ಕಳಿಸುವ ಸೀಮೆಯಾಯಿತು.

ಆ ವರ್ಷದ ಕೊನೆಗೆ ಶ್ವಾಸಕೋಶದ ಬೇನೆ ಅವರನ್ನು ಹಾಸಿಗೆಗೆ ಕೆಡವಿತು. ಸಾವಿರಾರು ಮಕ್ಕಳ ಮೊದಲ ಉಸಿರಿಗೆ ಕಿವಿಗೊಟ್ಟವರ ಉಸಿರೇ ಕಷ್ಟವಾಯಿತು. ಮನೆಗಳಲ್ಲಿ ಜೀವ ಬರಮಾಡಿಕೊಂಡವರು ಆಸ್ಪತ್ರೆಯಲ್ಲಿ, ಹೊಸ ಕಾಲದ ದಾದಿಯರ ಕೈಯಲ್ಲಿ ಜೀವ ಬಿಟ್ಟರು. ಹಳೆಯ ವಿದ್ಯೆ ಹೊಸ ವಿದ್ಯೆಯ ಮಡಿಲಲ್ಲಿ ಕಣ್ಣು ಮುಚ್ಚಿತು ಎನ್ನಬೇಕು. ಇದರಲ್ಲಿ ಯಾರ ಸೋಲೂ ಇಲ್ಲ.

ತಮಿಳುನಾಡಿನ ಹಳೆಯ ಹಾದಿಗಳ ಬದಿಯಲ್ಲಿ ‘ಸುಮೈತಾಂಗಿ’ ಎಂಬ ಕಲ್ಲುಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ನೆಟ್ಟ ಎರಡು ಕಂಬಗಳ ಮೇಲೆ ಹೆಗಲೆತ್ತರಕ್ಕೆ ಒಂದು ಅಡ್ಡಗಲ್ಲು; ತಲೆಹೊರೆಯವರು ಯಾರ ನೆರವೂ ಇಲ್ಲದೆ ಹೊರೆಯನ್ನು ಅದರ ಮೇಲೆ ಇಳಿಸಿ ದಣಿವಾರಿಸಿಕೊಳ್ಳಬಹುದು. ಒಡಲಿನ ಹೊರೆ ಇಳಿಯುವ ಮುನ್ನವೇ ಬಸುರಿಯಾಗಿ ತೀರಿಕೊಂಡ ಹೆಣ್ಣಿನ ನೆನಪಿಗೆ ಇಂಥ ಕಲ್ಲುಗಳನ್ನು ನಿಲ್ಲಿಸುತ್ತಿದ್ದರು. ಅವಳಿಗೆ ಇಳಿಸಲಾಗದ ಹೊರೆಗೆ ಬದಲಾಗಿ ದಾರಿಹೋಕರೆಲ್ಲರೂ ತಮ್ಮ ಹೊರೆ ಇಳಿಸಿಕೊಳ್ಳಲಿ ಎಂಬ ಕರುಣೆ ಅದರ ಹಿಂದಿದೆ. ಸ್ಮಾರಕಗಳ ಚರಿತ್ರೆಯಲ್ಲಿ ಇಷ್ಟು ಮೆಲುದನಿಯ, ಇಷ್ಟು ಉಪಕಾರಿಯಾದ ಕಲ್ಲು ವಿರಳ.

ಸೂಲಗಿತ್ತಿಗೆ ಅಂಥ ಕಲ್ಲೂ ಇಲ್ಲ. ಆದರೆ ನರಸಮ್ಮನವರನ್ನು ನೆನೆಯುವಾಗ ಕಣ್ಣಮುಂದೆ ನಿಲ್ಲುವುದು ಆ ಅಡ್ಡಗಲ್ಲಿನ ರೂಪವೇ. ತನ್ನ ಹೊರೆಯನ್ನು ಇಳಿಸಲು ಜಾಗವಿಲ್ಲದವಳು ಅನ್ಯರ ಹೊರೆಯನ್ನು ಇಳಿಸಿಕೊಳ್ಳುತ್ತ ನಿಂತಳು. ಮಳೆಯಿಲ್ಲದ ಸೀಮೆಯಲ್ಲಿ, ದಾರಿಬದಿಯಲ್ಲಿ, ಎಪ್ಪತ್ತು ವರ್ಷ ನಿಂತಳು. ಇಂದು ಪಾವಗಡದ ಊರುಗಳಲ್ಲಿ ನಡುವಯಸ್ಸು ದಾಟಿದ ಎಷ್ಟೋ ಮಂದಿ, ತಮ್ಮನ್ನು ಮೊದಲು ಎತ್ತಿಕೊಂಡ ಕೈ ಯಾರದೆಂದು ಕೇಳಿದರೆ, ಹೆತ್ತ ತಾಯಿಗಿಂತ ಮೊದಲು ಹೇಳಬೇಕಾದ ಹೆಸರು ಅವರದೇ.